ನಾನು ಎರಡು ಸಲ ಆಡಿದ ಮಾತು

ನನ್ನ ಮೊಮ್ಮಗಳು ಗೆದ್ದಳು! ಬಾಗಲಕೋಟೆಯ ಕಾಲೇಜು ನಾಟಕ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳದೇ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನೇಕಾರ ನಾನು. ಹೇಗೆ ಬರೆಯಬೇಕೋ ತಿಳಿಯದು, ಬರೆಯದೆ ಇರಲೂ ಆಗದು. ಇಂದು ಮಧ್ಯಾಹ್ನ ಇಳಕಲ್ಲಿಗೆ ಬಂದವಳೇ ಓಡಿಬಂದು ನನ್ನ ಕೊರಳಿಗೆ ಬಿದ್ದಳು. ಕಿವಿಯ ಹಿಂದೆ ವೇಷದ ಬಣ್ಣ ಇನ್ನೂ ಉಳಿದಿತ್ತು. ಅದನ್ನು ತೆಗೆಯಲು ತಿಕ್ಕಿದ ಕೊಬ್ಬರಿ ಎಣ್ಣೆಯ ವಾಸನೆ... ಆ ವಾಸನೆಗೆ ನಮ್ಮ ನಾಟಕದ ಮಾಸ್ತರರು ಕಣ್ಣ ಮುಂದೆ ಬಂದು ನಿಂತರು. ಅವಳು ಆಡಿದ್ದೂ ಅವರು ಬರೆದ ನಾಟಕವನ್ನೇ.

ಮಾಸ್ತರರು ಮೊದಮೊದಲು ಬರೆಯುತ್ತಿದ್ದುದೆಲ್ಲ ನಗೆನಾಟಕ. ಓದಲು ತಡವರಿಸುವ ನನಗೆ ಮಗ್ಗದ ಪಕ್ಕ ಕೂತು, ಲಾಳಿ ಓಡುವ ತಾಳಕ್ಕೆ ಮಾತು ಕಲಿಸುತ್ತಿದ್ದರು. ಹಾಗೆ ಕಲಿತದ್ದು ಮರೆಯೆಂದರೂ ಮರೆಯುತ್ತಿರಲಿಲ್ಲ. ಅದೇ ಮುಳುವಾಯಿತು.

ತುರ್ತುಪರಿಸ್ಥಿತಿಯ ಕಾಲ. ಆಟಕ್ಕೆ ಮೊದಲು ನಾಟಕದ ಪ್ರತಿಯನ್ನು ಪೊಲೀಸರಿಗೆ ತೋರಿಸಬೇಕಿತ್ತು. ಹುನಗುಂದದ ಆಟಕ್ಕೆ ಕಾವಲುಗಾರನ ವೇಷ ನನ್ನದು. ನನ್ನ ಒಂದು ಮಾತನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಮಾಸ್ತರರು ಬಣ್ಣ ಹಚ್ಚುವಾಗ ಒಮ್ಮೆ, ಪರದೆ ಏಳುವ ಮುನ್ನ ಒಮ್ಮೆ ಎಚ್ಚರಿಸಿದರು.

"ಲೇ ತಮ್ಮಾ, ಆ ಕೀಲಿ ಮಾತು ಬಿಡು. ನೆನಪಿರ್ಲಿ."

"ಆಯ್ತ್ರಿ ಸರ" ಎಂದೆ. ರಂಗಕ್ಕೆ ಬಂದೊಡನೆ ನಾಲಿಗೆ ತಾನಾಗಿಯೇ ಓಡಿತು: "ಅರಮನಿಯವ್ರು ಊರ ಬಾಯಿಗೆ ಕೀಲಿ ಹಾಕ್ಯಾರ, ಚಾವಿ ಎಲ್ಲಿಟ್ಟೇವಂತ ತಾವಽ ಮರ್ತಾರ!"

ಜನ ಬಿದ್ದು ಬಿದ್ದು ನಕ್ಕರು. "ವನ್ಸ್ ಮೋರ್!" ಎಂದು ಕೂಗಿದರು. ಪರದೆಯ ಸಂದಿಯಲ್ಲಿ ಮಾಸ್ತರರು ಎರಡೂ ಕೈ ಬೀಸಿ ಬೇಡ ಬೇಡ ಎನ್ನುತ್ತಿದ್ದರು. ಕಂಡೆ. ಮೊದಲನೆಯದು ಬಾಯಿತಪ್ಪಿ ಬಂದದ್ದು... ಎರಡನೆಯ ಸಲ ಚಪ್ಪಾಳೆಯ ಆಸೆಗೆ ಬೇಕೆಂದೇ ಅಂದೆ.

ಆ ರಾತ್ರಿಯೇ ಪೊಲೀಸರು ನಮ್ಮಿಬ್ಬರನ್ನೂ ಹಿಡಿದೊಯ್ದರು. ಠಾಣೆಯಲ್ಲಿ ಮಾಸ್ತರರು, "ಇವಂದೇನೂ ತಪ್ಪಿಲ್ರಿ. ಆ ಮಾತು ಹೊಡದಾರಂತ ಇವಗ ಹೇಳೂದು ನಾನಽ ಮರ್ತೆ" ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಸುಮ್ಮನಿದ್ದೆ.

ನನ್ನನ್ನು ಬಿಟ್ಟರು, ಅವರನ್ನು ಜೈಲಿಗೆ ಕಳಿಸಿದರು. ಅಲ್ಲಿರುವಾಗಲೇ ಅವರ ತಾಯಿ ತೀರಿಕೊಂಡರು. ಮಣ್ಣಿಗೂ ಅವರನ್ನು ಬಿಡಲಿಲ್ಲ. ಅಂದು ನಕ್ಕವರಲ್ಲಿ ಹೆಚ್ಚಿನವರು ಆ ಮನೆಯ ಕಡೆ ಹಾಯಲಿಲ್ಲ. ನಾನು ಹೋಗಿ ಹೆಗಲು ಕೊಟ್ಟೆ, ಬಾಯಿ ಬಿಡಲಿಲ್ಲ.

ಹೊರಬಂದ ಮೇಲೆ ಅವರು ಬರೆದ ಮೂರೂ ನಾಟಕಗಳು ಸಾವಿನಲ್ಲೇ ಮುಗಿದವು. ಒಂದರಲ್ಲಿ, ಬಾಗಿಲಲ್ಲಿ ಮಗನಿಗಾಗಿ ಕಾಯುತ್ತಲೇ ಸಾಯುವ ತಾಯಿ. ಇನ್ನೊಂದರಲ್ಲಿ, ಊರಿಗಾಗಿ ಮಾತಾಡಿದವನನ್ನು ಊರೇ ಗುರುತಿಲ್ಲ ಎನ್ನುತ್ತದೆ. ಮೂರರಲ್ಲೂ ನನಗೆ ಕಾವಲುಗಾರನ ಪಾರ್ಟು. ಮೂರರಲ್ಲೂ ಅವನು ಮೂಕ. ಎಲ್ಲ ನೋಡುತ್ತಾ ನಿಲ್ಲುವುದಷ್ಟೇ ಕೆಲಸ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ...

ಜನ ಅತ್ತರು, ಶಾಲು ಹೊದಿಸಿದರು. "ಜೈಲಿಗಿ ಹೋಗಿದ್ದಽ ಚೊಲೊ ಆತ್ ನೋಡ್ರಿ ಮಾಸ್ತರ, ಎಂಥಾ ನಾಟಕ ಬಂದ್ವು!" ಎಂದು ಅವರೆದುರಿಗೇ ಅಂದರು. ನೆನೆದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ಊರನ್ನೆಲ್ಲ ನಗಿಸಿದ ಮನುಷ್ಯ ಮತ್ತೆ ನಕ್ಕಿದ್ದನ್ನು ನಾನು ಕಾಣಲಿಲ್ಲ. ಅವರು ಹೋಗಿ ವರ್ಷಗಳಾದವು. ಅವರ ಮರೆವಿನ ಕಥೆ ಮಾತ್ರ ಊರಲ್ಲಿ ಉಳಿಯಿತು.

ಸಂಜೆ ಮನೆಯವರೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ರೊಟ್ಟಿ, ಎಣಗಾಯಿ, ಗೋಧಿ ಹುಗ್ಗಿ. ಮೊಮ್ಮಗಳ ಬಾಯಿ ನಿಲ್ಲಲೊಲ್ಲದು.

"ಬಹುಮಾನ ತೊಗೊಂಡು ಮೈಕಿನ್ಯಾಗ ಮಾಸ್ತರ ಕಥಿ ಹೇಳ್ದೆ, ಅಜ್ಜಾ. ಪಾಪ, ಒಂದ್ ಮಾತು ಹೇಳೂದು ಮರ್ತು ಜೈಲಿಗಿ ಹೋದ್ರು ಅಂತ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

"ಅವ್ರು ಮರ್ತಿರ್ಲಿಲ್ಲವ್ವಾ. ಎರಡ್ ಸಲ ಹೇಳಿದ್ರು" ಎಂದೆ. ಉಳಿದದ್ದನ್ನೂ ಹೇಳಿದೆ.

"ಇಷ್ಟ್ ದಿನಾ ಊರ ಮುಂದ ಯಾಕ ಹೇಳ್ಲಿಲ್ಲ, ಅಜ್ಜಾ?"

ನನ್ನ ಹೆಂಡತಿ ಎಲ್ಲರ ಹುಗ್ಗಿಗೆ ತುಪ್ಪ ಹಾಕುತ್ತಾ ಬಂದಳು. ಒಬ್ಬೊಬ್ಬರಾಗಿ ಮತ್ತೆ ಉಣ್ಣತೊಡಗಿದರು. ಎಲ್ಲರಿಗಿಂತ ಕೊನೆಗೆ, ನನ್ನ ಮುಖ ನೋಡದೆ, ಮೊಮ್ಮಗಳು.