ಪೂಜೆಗೆ ಕೂರಿಸಿದ ಬ್ಯಾಕಪ್ ಡಿಸ್ಕ್

ಕಡೂರಿನಲ್ಲಿ ತಾಲ್ಲೂಕು ಕಚೇರಿ ಎದುರು ನನ್ನದು ಪತ್ರ ಬರೆಯುವ ಅಂಗಡಿ. ಕ್ರಯಪತ್ರ, ದಾನಪತ್ರ, ಪಾಲುಪತ್ರ ಇಂಥವು. ಅಪ್ಪ ಕೈಯಲ್ಲಿ ಬರೆಯುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ. ಅವರಿಂದ ನನಗೆ ಉಳಿದದ್ದು ಒಂದೇ ಅಭ್ಯಾಸ: ಸಹಿಗೆ ಮುಂಚೆ ಎಲ್ಲರನ್ನೂ ಕೂರಿಸಿ ಪತ್ರವನ್ನು ಗಟ್ಟಿಯಾಗಿ ಓದುವುದು.

ಅವತ್ತು ಆಯುಧಪೂಜೆ. ಅಂಗಡಿ ಗುಡಿಸಿ ಮೇಲ್ ನೋಡಿದರೆ ಪ್ರಿಂಟರಿನ ಯಾವುದೋ ಟೋನರ್ ಬಿಲ್ಲು ಬಂದಿತ್ತು. ಒತ್ತಿದೆ, ಏನೂ ತೆರೆಯಲಿಲ್ಲ. ಹಬ್ಬದ ದಿನ ಎಂಥ ಬಿಲ್ಲು ಎಂದು ಬಿಟ್ಟೆ. ಕಂಪ್ಯೂಟರಿಗೆ ಹೂ ಮುಡಿಸಿದೆ. ಬೀರುವಿನಲ್ಲಿ ಬೇರೆ ಇಟ್ಟಿದ್ದ, ಎಲ್ಲ ಪತ್ರಗಳ ನಕಲಿರುವ ಬ್ಯಾಕಪ್ ಡಿಸ್ಕನ್ನೂ ತಂದೆ, ಅದೂ ಆಯುಧವೇ ತಾನೇ? ಮಂಗಳಾರತಿ ಹೊತ್ತಿಗೆ ಅದರ ನೀಲಿ ದೀಪ ಉರಿಯುತ್ತಿರಲಿ ಎಂದು ಕಂಪ್ಯೂಟರಿಗೆ ವೈರು ಸಿಕ್ಕಿಸಿದೆ. ಪೂಜೆ ಮಾಡಿದ್ದನ್ನು ವಿಜಯದಶಮಿವರೆಗೆ ಕದಲಿಸುವಂತಿಲ್ಲ. ಹಾಗೇ ಬಾಗಿಲು ಹಾಕಿಕೊಂಡು ಹೋದೆ.

ಮರುದಿನ ಬಂದು ನೋಡಿದರೆ ಒಂದು ಕಡತವೂ ತೆರೆಯದು. ಪರದೆ ತುಂಬ ಇಂಗ್ಲಿಷಿನಲ್ಲಿ ಬೆದರಿಕೆ: ಇಷ್ಟು ದಿನದೊಳಗೆ ದುಡ್ಡು ಕಳಿಸು, ಇಲ್ಲದಿದ್ದರೆ ಎಲ್ಲ ಹೋಯಿತು ಅಂದುಕೋ.

ತರೀಕೆರೆಯಿಂದ ಕಂಪ್ಯೂಟರ್ ರಿಪೇರಿಯವನು ಬಂದ. "ರ‍್ಯಾನ್ಸಮ್‌ವೇರ್ ಸಾರ್ ಇದು. ಯಾವ್ದೋ ಮೇಲ್ ಒತ್ತಿರ್ತೀರಿ, ಅದ್ರಲ್ಲೇ ಒಳಗೆ ಬಂದಿದೆ. ನಿಮ್ಮನೆಗೆ ಅವ್ರು ಬೀಗ ಜಡ್ದು, ಕೀಲಿಗೆ ನಿಮ್ಮತ್ರನೇ ದುಡ್ಡು ಕೇಳೋದು. ಬ್ಯಾಕಪ್ ಇಟ್ಟಿಲ್ವಾ?"

ನಾನು ಸೇವಂತಿಗೆ ಹೂವಿನ ಕೆಳಗಿದ್ದ ಡಿಸ್ಕನ್ನು ತೋರಿಸಿದೆ. ಅವನು ನೋಡಿದ, ನನ್ನ ಮುಖವನ್ನೂ ನೋಡಿದ. "ಕಳ್ಳ ಬಂದ ದಿನಾನೇ ತಿಜೋರಿ ಬಾಗ್ಲು ತೆಗ್ದು ಆರತಿ ಎತ್ತಿದ್ದೀರಲ್ಲ ಸಾರ್! ಸಿಕ್ಕಿಸಿದ್ದಕ್ಕೇ ಅದಕ್ಕೂ ಬೀಗ ಬಿತ್ತು."

"ದುಡ್ಡು ಕೊಟ್ಬಿಡ್ಲೇನಪ್ಪಾ?"

"ಕೊಟ್ರೆ ಕೀಲಿ ಕೊಡ್ತಾರೆ ಅಂತ ಯಾರು ಹೇಳ್ದೋರು? ಕೊಡೋ ಆಸಾಮಿ ಅಂತ ಗೊತ್ತಾದ್ರೆ ಇನ್ನೊಂದ್ಸಲ ಬತ್ತಾರೆ ಅಷ್ಟೇ."

ಪೊಲೀಸರಿಗೆ ದೂರು ಕೊಟ್ಟು ಬಂದೆ. ರಿಪೇರಿಯವನು ಎಲ್ಲ ಅಳಿಸಿ ಕಂಪ್ಯೂಟರನ್ನು ಮತ್ತೆ ನಡೆಯುವಂತೆ ಮಾಡಿ ಹೋದ. ಉಳಿದೆಲ್ಲಕ್ಕಿಂತ ಯಗಟಿಯ ಅಣ್ಣತಮ್ಮಂದಿರ ಪಾಲುಪತ್ರ ಎದೆಯ ಮೇಲೆ ಕಲ್ಲಾಗಿತ್ತು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರನ್ನು ಅವರ ತಾಯಿ ಹೇಗೋ ಒಪ್ಪಿಸಿದ್ದರು. ನಾಲ್ಕು ದಿನಕ್ಕೆ ನೋಂದಣಿ. ಕೊನೆಯ ತಿದ್ದುಪಡಿ ಆದ ಮೇಲೆ, ಹಬ್ಬ ಮುಗಿಯಲಿ ಎಂದು ನಾನು ಪ್ರಿಂಟ್ ತೆಗೆದಿರಲಿಲ್ಲ.

ಫೋನ್ ಮಾಡಿದೆ. ತಾಯಿ, ಮಕ್ಕಳು ಮೂವರೂ ಮರುದಿನ ಮೊದಲ ಬಸ್ಸಿಗೇ ಬಂದರು. ವಿಷಯ ಕೇಳಿ ತಮ್ಮನಾದವನು ಬೆಂಚಿನ ಮೇಲೆ ಸರಿದು ಕೂತ. "ಹೋಗಿದ್ದು ಹೋಯ್ತು ಬಿಡಿ. ಹೊಸದಾಗಿ ಬರೆಯೋದೇ ಆದ್ರೆ ಬಾವಿ ವಿಷ್ಯ ಮತ್ತೆ ಮಾತಾಡ್ಬೇಕು."

"ನೋಡ್ದೇನವ್ವಾ ಇವನ ಬುದ್ಧೀನ?" ಎಂದು ಅಣ್ಣ ಎದ್ದೇಬಿಟ್ಟ.

"ಕೂತ್ಕಳ್ಳೋ ಲೇ!" ಎಂದರು ತಾಯಿ. "ಮಿಷಿನ್ನು ಮರೆತ್ರೆ ನಾನೂ ಮರೆತೆ ಅಂದ್ಕಂಡ್ರೇನ್ರೋ? ಇವ್ರು ಮೂರು ಸಲ ಓದಿಲ್ವಾ? ಬರ್ಕಳಿ ಸ್ವಾಮಿ. ದೊಡ್ಡೋನ ಹೊಲಕ್ಕೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕುರಿರೊಪ್ಪ..."

ಆ ಅಮ್ಮನಿಗೆ ಓದು ಬರದು. ಆದರೆ ನಾಲ್ಕು ದಿಕ್ಕಿನ ಗಡಿ, ತೆಂಗಿನ ಮರದ ಲೆಕ್ಕ, ಗಾಡಿದಾರಿ ಎಲ್ಲವನ್ನೂ ನಾನು ಓದಿದ್ದ ಧಾಟಿಯಲ್ಲೇ ಹೇಳಿದರು. ಸರ್ವೆ ನಂಬರನ್ನು ಮಾತ್ರ ಪಹಣಿ ನೋಡಿ ಹಾಕಿಕೊಂಡೆ.

"ಬಾವಿ ನೀರು ಸೋಮವಾರದಿಂದ ಬುಧವಾರ ಗಂಟ ದೊಡ್ಡೋನಿಗೆ. ಗುರುವಾರದಿಂದ ಶನಿವಾರ ಗಂಟ ಚಿಕ್ಕೋನಿಗೆ."

"ಭಾನುವಾರ ನಂಗಿರ್ಲಿ," ಎಂದ ತಮ್ಮ.

"ಭಾನುವಾರ ನಂದು ಕಣೋ. ನಾನಿರೋಗಂಟ ನನ್ನ ಸೊಪ್ಪಿನ ಮಡಿಗೆ. ಅದನ್ನೂ ಕಿತ್ಕಳ್ತೀಯಾ?"

ಅವನು ಬೆಂಚಿನಲ್ಲಿ ಹಿಂದಕ್ಕೆ ಸರಿದು, ಬರ್ಕಳಿ ಎಂದು ನನಗೆ ಕೈಸನ್ನೆ ಮಾಡಿದ. ನಾನು ಪೂರ್ತಿ ಬರೆದು ನಾಲ್ಕನೇ ಸಲ ಓದಿದೆ. ಹೇಳಿದ ದಿನಕ್ಕೆ ನೋಂದಣಿ ಆಯಿತು.

ಅದೊಂದು ಉಳಿಯಿತು. ಮಿಕ್ಕವರ ಮನೆಗಳಲ್ಲೆಲ್ಲ ಅಂಥ ತಾಯಂದಿರು ಇರಬೇಕಲ್ಲ. ಈಗಲೂ ಅಜ್ಜಂಪುರದ ಕಡೆಯಿಂದ, ಅಮೃತಾಪುರದಿಂದ ಯಾರಾದರೂ ಬಂದು "ಹಿಂದೆ ಬರೆಸಿದ್ದರ ನಕಲು ಇದ್ಯಾ?" ಎನ್ನುತ್ತಾರೆ. ಅದೇ ಕಥೆಯನ್ನು ಹೇಳಿ ಹೇಳಿ ಬಾಯಿ ಸೋತಿದೆ, ಹೊಸದಾಗಿ ಬೆರಳಚ್ಚು ಮಾಡಿ ಮಣಿಕಟ್ಟು ಸೋತಿದೆ. ಆಯುಧಪೂಜೆಗೆ ಈಗ ಬೀರುವಿನ ಬಾಗಿಲಿಗೇ ಕುಂಕುಮ ಹಚ್ಚುತ್ತೇನೆ. ಡಿಸ್ಕು ಒಳಗೇ ಇರುತ್ತದೆ. ಪತ್ರ ಓದುವಾಗ ಮಾತ್ರ, ಕೂತವರಲ್ಲಿ ಯಾರ ತುಟಿ ನನ್ನ ಜೊತೆ ಅಲ್ಲಾಡುತ್ತಿದೆ ಎಂದು ಕಣ್ಣು ಹಾಯಿಸುತ್ತೇನೆ.