ಪೂರಾ ತಿಕೀಟು

ವಿಜಾಪುರ ರಸ್ತೆಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ಆಕೆ ಮಗ್ಗದಲ್ಲಿ ನೇಯುವ ಚಾದರಗಳಿಗೆ ನಕ್ಷೆ ಬಿಡಿಸುತ್ತಿದ್ದರು. ಕೊಡೆಯಿರಲಿ, ಮಿಕ್ಸರಿರಲಿ, ತಮ್ಮನ್ನು ನೋಡಲು ಬಂದ ವರನಿರಲಿ, ಅವರ ಮಾತು ಒಂದೇ: "ಛಂದ ಅದ. ಕೆಲಸ ಮಾಡತದೇನು?" ವರನ ಸಂಗತಿ ನಾನೇ ಆಮೇಲೆ ಸೇರಿಸಿದ್ದಿರಬಹುದು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ಅವರು ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಜೊತೆಗೆ ನಾನೂ ಇದ್ದೆ. ಅಂಗಡಿಯವ ತೆಳ್ಳಗಿನದೊಂದನ್ನು ಒಂದೇ ಕೈಯಲ್ಲಿ ಎತ್ತಿ, "ಹೂವಿನಂಗ ಹಗೂರ ಅದ ನೋಡ್ರಿ, ಅಕ್ಕಾರ" ಎಂದ. ಆಕೆ ನವಿಲಿನ ನಕ್ಷೆಯಿದ್ದ ತಮ್ಮ ಫ್ಲಾಪಿ ಹಾಕಿದರು. ನಾವು ಚಹಾ ಮುಗಿಸಿದರೂ ತೆರೆಯ ಮೇಲೆ ಅರ್ಧ ನವಿಲೇ ಮೂಡಿತ್ತು. ಪಕ್ಕದ ದಪ್ಪ ಯಂತ್ರದಲ್ಲಿ ಅದೇ ನವಿಲು ಥಟ್ಟನೆ ಗರಿಬಿಚ್ಚಿತು. ಅದನ್ನೇ ಕೊಂಡರು.

ಮರುದಿನ ಅದನ್ನು ಚಾದರದಲ್ಲಿ ಸುತ್ತಿ, ಕಂಕುಳಲ್ಲಿ ಹೊತ್ತು ಅಕ್ಕಲಕೋಟೆಯ ಬಸ್ಸು ಹತ್ತಿದರು. ನಾನೂ ಹೋದೆ. "ಕೂಸಿಗಿ ಅರ್ಧಾ ತಿಕೀಟ್ರಿ" ಎಂದ ಕಂಡಕ್ಟರ್. "ಕೂಸಲ್ರಿ, ಮಷಿನ್ ಅದ" ಎಂದು ಜಗಳಾಡಿ, ಅದಕ್ಕೆ ತಿಕೀಟು ತೆಗೆಸದೆ ತೊಡೆಯ ಮೇಲಿಟ್ಟುಕೊಂಡೇ ಕೂತರು.

ಅಲ್ಲಿಯ ಮಗ್ಗದ ಮಾಲೀಕರು ನಕ್ಷೆ ನೋಡಿ, "ನವಿಲು ಬ್ಯಾಡ, ಆನಿ ಹಾಕ್ರಿ. ಈಗಿಂದೀಗ ತೋರಸ್ರಿ, ಇಲ್ಲಂದ್ರ ಮುಂಬೈದವರಿಗೆ ಕೆಲಸ ಕೊಡ್ತೀನಿ" ಎಂದರು. ಚಹಾ ಆರುವ ಮೊದಲೇ ತೆರೆಯ ಮೇಲೆ ಚಾದರದ ಅಂಚಿನ ತುಂಬ ಆನೆಗಳು ಸೊಂಡಿಲೆತ್ತಿ ನಿಂತವು. ಕೆಂಪೋ ನೀಲಿಯೋ, ಮರೆತಿದ್ದೇನೆ. ಮಾಲೀಕರು ಇಡೀ ಹಂಗಾಮಿನ ಕೆಲಸ ಒಪ್ಪಿಸಿದ್ದಂತೂ ನಿಜ.

ಮರಳುವಾಗ ಯಂತ್ರಕ್ಕೆ ಕಿಟಕಿ ಬದಿಯ ಸೀಟು ಸಿಕ್ಕಿತು. ಬೆಳಗಿನ ಕಂಡಕ್ಟರನೇ ಬಂದು ನಕ್ಕ. ಆಕೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ಅರ್ಧಾ ಬ್ಯಾಡ, ಪೂರಾ ತಿಕೀಟ ಕೊಡ್ರಿ. ಇವತ್ತ ಕೆಲಸ ಮಾಡ್ಯದ!"