ಕೆಂಪಾದ ತೊಗರಿ ಹೊಟ್ಟು

ಹೋದ ವಾರ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹೊಟ್ಟಿನ ಚೀಲವೊಂದು ಹರಿದು ಧೂಳೆದ್ದಿತು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ ನೆನಪಾದರು...

ಅವರು ಔರಾದ ತಾಲೂಕಿನ ಸಂತಪುರದವರು, ಕುರಿ ಸಾಕುವ ಮನೆತನ. ಆಗ ನಮ್ಮ ಕಾಲೇಜಿದ್ದ ಭಾಲ್ಕಿಯ ಹೊರಗೆ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದಿತ್ತು. ಅದರ ಕೆಂಪು ನೀರು ಹಳ್ಳಕ್ಕೆ ಹರಿಯುವುದನ್ನು ನೋಡಿ ಮೇಡಂಗೆ ಸುಮ್ಮನಿರಲಾಗಲಿಲ್ಲ. ಒಂದು ದಿನ ಆ ನೀರನ್ನು ತರಗತಿಗೆ ತಂದು, ತೊಳೆದು ಒಣಗಿಸಿದ ತೊಗರಿ ಹೊಟ್ಟಿನ ಪುಡಿಯನ್ನು ಅದರಲ್ಲಿ ಕಲಸಿದರು. ಬಹಳ ಹೊತ್ತು ಅಲುಗಾಡಿಸಿ ಸೋಸಿದರೆ ಇಳಿದದ್ದು ತಿಳಿನೀರು! ನನಗೆ ನಂಬಲಾಗಲಿಲ್ಲ.

“ಬಣ್ಣ ಎಲ್ಲಿ ಹೋಯ್ತ್ರಿ ಮೇಡಂ?”

“ಎಲ್ಲೂ ಹೋಗಿಲ್ಲವ್ವಾ. ಹೊಟ್ಟಿನ ಮೈಗೆ ಅಂಟಕೊಂಡದ.”

ಕಾರ್ಖಾನೆಯಲ್ಲೂ ಹೀಗೇ ನೀರು ಸೋಸಲು ಮಾಲೀಕರು ಒಪ್ಪಿದರು. ಹೊಟ್ಟು ತುಂಬಿದ ಡ್ರಮ್ಮುಗಳ ಮೂಲಕ ನೀರು ಹಾಯತೊಡಗಿತು. ಬಳಸಿದ ಹೊಟ್ಟನ್ನು ತೊಟ್ಟಿಯಲ್ಲಿ ಮುಚ್ಚಿಡಿ ಎಂದು ಮೇಡಂ ಮತ್ತೆ ಮತ್ತೆ ಹೇಳಿದ್ದರು.

ಯುಗಾದಿ ಕಳೆದ ಮೇಲೆ ನಾನೂ ಅವರ ಜೊತೆ ಅಲ್ಲಿಗೆ ಹೋದೆ. ಬೇಲಿಯಾಚೆ ಇಣುಕಿದೆ. ತೊಟ್ಟಿ ತುಂಬಿತೆಂದು ಯಾರೋ ಹೊಟ್ಟನ್ನು ಬಯಲಿಗೆ ಸುರಿದಿದ್ದರು. ಹಲಬರ್ಗಾ ಕಡೆಯ ಕುರಿಹಿಂಡು ಅದಕ್ಕೆ ಮುಗಿಬಿದ್ದಿತ್ತು. ಕುರಿಗಳ ಮೂತಿಯೆಲ್ಲ ಕೆಂಪು, ರಕ್ತ ಕುಡಿದಂತೆ...

ಮೇಡಂ ಚೀರುತ್ತ ಓಡಿದರು. ಕುರಿ ಕಾಯುವ ಅಜ್ಜ ಗಾಬರಿಯಾಗಿ ಕೇಳಿದ: “ಯಾಕ್ರಿ ಅವ್ವಾ? ತೊಗರಿ ಹೊಟ್ಟೇ ಅಲ್ಲೇನ್ರಿ? ದಿನಾ ತಿಂತಾವ್ರಿ.”

ಎರಡು ಕುರಿಗಳು ಹೊಟ್ಟೆಯುಬ್ಬಿ ನೆಲಕ್ಕೆ ಬಿದ್ದವು. ದನದ ಡಾಕ್ಟರು ಬಂದರೂ ಉಳಿಯಲಿಲ್ಲ. ಸತ್ತ ಕುರಿಯ ಪಕ್ಕ ಮಣ್ಣಲ್ಲೇ ಕೂತುಬಿಟ್ಟ ಮೇಡಂ ಅಂಗೈ ನೋಡಿಕೊಳ್ಳುತ್ತಿದ್ದರು.

“ನಮ್ಮ ಮನ್ಯಾಗೂ ಕುರಿಗೆ ಇದೇ ಹಾಕ್ತೇವಿ. ನನಗ್ಯಾಕ ಹೊಳೀಲಿಲ್ಲ?”

ಆಮೇಲೆ ಅವರು ತೊಗರಿ ಹೊಟ್ಟು ಮುಟ್ಟಲಿಲ್ಲ. ಡ್ರಮ್ಮುಗಳಿಗೆ ತುಂಬಲು ಮರ ಕೊಯ್ಯುವ ಅಡ್ಡೆಯಿಂದ, ಯಾವ ಪ್ರಾಣಿಯೂ ಬಾಯಿ ಹಾಕದ ಮರದ ಪುಡಿ ತರಿಸಿದರು. ತೊಟ್ಟಿಗೆ ಬೀಗವನ್ನು ತಾವೇ ಹಾಕುತ್ತಿದ್ದರು. ನಗು ಮಾತ್ರ ಮೊದಲಿನಂತೆ ಬರಲಿಲ್ಲ.

ಗಂಜಿನಲ್ಲಿ ನಿಂತೇ ಅವರ ಹಳೆಯ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವರು ಅವರ ತಮ್ಮ.

“ಅಕ್ಕ ತೀರ್ಕೊಂಡು ವರ್ಷಾ ಆತಲ್ಲರಿ... ನಿಮಗ ಗೊತ್ತಿಲ್ಲೇನ್ರಿ?”

ಹಿಂದಿನಿಂದ ಹಮಾಲರು ದಾರಿ ಬಿಡಿ ಎಂದು ಕೂಗುತ್ತಿದ್ದರು. ನನಗೆ ಪಕ್ಕಕ್ಕೆ ಸರಿಯಲೂ ತೋಚಲಿಲ್ಲ.